ಕೆಮ್ಮಿದರೆ ಸೋರುತ್ತಾ, ಓಡುವಷ್ಟರಲ್ಲಿ ಸೋರುತ್ತಾ? ಮೂತ್ರದ ಹಿಡಿತ ತಪ್ಪಿದಾಗ ಮಾಡಬೇಕಾದ್ದು

ನಮ್ಮ ಮನೆಯಲ್ಲಿ ಒಂದೇ ಕಾಲಕ್ಕೆ ಇಬ್ಬರಿಗೆ ಈ ತೊಂದರೆ ಇತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ನನಗೆ ಎರಡನೇ ಹೆರಿಗೆ ಆದ ಮೇಲೆ ಸೀನಿದರೆ, ಜೋರಾಗಿ ನಕ್ಕರೆ ಒಂದೆರಡು ಹನಿ ಜಾರುತ್ತಿತ್ತು. ಅತ್ತೆಯದ್ದು ಬೇರೆ ಥರ. ಅವರು ಎಷ್ಟು ಕೆಮ್ಮಿದರೂ ಏನೂ ಆಗುತ್ತಿರಲಿಲ್ಲ. ಆದರೆ ಸಂತೆಯಿಂದ ಬಂದು ಬಾಗಿಲ ಬೀಗ ತೆಗೆಯುವಾಗ ಇದ್ದಕ್ಕಿದ್ದಂತೆ ಅವಸರವಾಗಿ, ಬಚ್ಚಲು ಮುಟ್ಟುವ ಮೊದಲೇ ಸೀರೆ ಒದ್ದೆ. ಅವರು ಮದುವೆ, ಮುಂಜಿಗೆ ಹೋಗುವುದನ್ನೇ ಬಿಟ್ಟರು. ಕೇಳಿದರೆ "ಮಂಡಿ ನೋವು ಕಣೇ" ಅನ್ನುತ್ತಿದ್ದರು. ನಾವೂ ನಂಬಿದ್ದೆವು.

ವಿಷಯ ಗೊತ್ತಾದ ಮೇಲೆ ನಾನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತಿದ್ದ ವ್ಯಾಯಾಮವನ್ನು ದೊಡ್ಡ ಜಾಣೆಯ ಹಾಗೆ ಅವರಿಗೂ ಹೇಳಿಕೊಟ್ಟೆ. ಪಾಪ, ಎರಡು ತಿಂಗಳು ಮಾಡಿದರು. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ನನ್ನ ಸೋರಿಕೆಯ ಕಾರಣ ಒಂದು, ಅವರದ್ದು ಇನ್ನೊಂದು. ಆಮೇಲೆ ಇದನ್ನೆಲ್ಲ ಡಾಕ್ಟರ ಹತ್ತಿರ ಕೇಳಿ, ಓದಿ, ಮನೆಯಲ್ಲೇ ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಒಂದು ಮಾತು ಖಂಡಿತ ಹೇಳಬಲ್ಲೆ: ಸೋರಿಕೆ ಯಾವ ಥರದ್ದು ಅಂತ ತಿಳಿಯದೆ ಮಾತ್ರೆಗಾಗಲಿ ವ್ಯಾಯಾಮಕ್ಕಾಗಲಿ ಕೈ ಹಾಕಬೇಡಿ. ತಿಳಿಯುವುದಕ್ಕೆ ಶುರುವಿನಲ್ಲಿ ಬೇಕಾಗುವುದು ಒಂದು ನೋಟ್‌ಬುಕ್ಕು, ಒಂದು ಅಳತೆಯ ಲೋಟ, ಅಷ್ಟೇ.

ಕಾಯಬಾರದ ಸಂದರ್ಭಗಳು

ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಆ ವಾರವೇ ಡಾಕ್ಟರಿಗೆ ತೋರಿಸಿ. ಉರಿಮೂತ್ರದ ಜೊತೆ ಚಳಿಜ್ವರ ಬಂದರೆ ಅವತ್ತೇ ಹೋಗಿ. ಕೆಳಹೊಟ್ಟೆ ಉಬ್ಬಿ ಒಂದು ಹನಿಯೂ ಹೋಗದೆ ಒದ್ದಾಡುತ್ತಿದ್ದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದನ್ನು ತುಂಬಾ ಜನ ಗಮನಿಸುವುದಿಲ್ಲ. ಬೆನ್ನು ನೋವಿನ ಜೊತೆ ಕಾಲಿನ ಶಕ್ತಿ ಕಡಿಮೆಯಾಗಿ, ಕೂರುವ ಜಾಗ ಮರಗಟ್ಟಿದ ಹಾಗಾಗಿ, ಮೂತ್ರದ ಹಿಡಿತವೂ ತಪ್ಪಿದರೆ ಅದು ಬೆನ್ನುಹುರಿಯ ತುದಿಯ ನರಗಳು ಒತ್ತಿಹೋಗುತ್ತಿರುವ ಸೂಚನೆ ಇರಬಹುದು. ಅಲ್ಲಿ ಗಂಟೆಗಳ ಲೆಕ್ಕ. ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕೂರಬೇಡಿ.

ಹೆರಿಗೆ ಕಷ್ಟವಾಗಿದ್ದರೆ, ಅಥವಾ ಗರ್ಭಕೋಶ ತೆಗೆಸಿದ ಆಪರೇಷನ್ ಆದ ಮೇಲೆ, ಹಗಲು ರಾತ್ರಿ ಒಂದೇ ಸಮನೆ ತೊಟ್ಟಿಕ್ಕುತ್ತಿದ್ದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದಿರುವ ಸಾಧ್ಯತೆ ಇದೆ. ವ್ಯಾಯಾಮದಿಂದ ಅದು ಮುಚ್ಚುವುದಿಲ್ಲ. ಸಾಮಾನ್ಯವಾಗಿ ಆಪರೇಷನ್ ಮಾಡಿಯೇ ಮುಚ್ಚಬೇಕಾಗುತ್ತದೆ.

ಮೊದಲ ಹೆಜ್ಜೆ: ಯಾವ ಥರದ ಸೋರಿಕೆ?

ಮೂತ್ರಕೋಶ ಅಂದರೆ ಸ್ನಾಯುವಿನ ಚೀಲ. ದೊಡ್ಡವರಲ್ಲಿ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. 150, 200 ತುಂಬಿದಾಗ ಮೊದಲ ಸೂಚನೆ ಬರುತ್ತದೆ, ಆದರೆ ಆಗಲೇ ಏಳಬೇಕಾಗಿಲ್ಲ. ತುಂಬುವಾಗ ಚೀಲ ಸುಮ್ಮನಿರಬೇಕು, ಅದರ ಬಾಯಿ ಬಿಗಿಯಾಗಿರಬೇಕು. ಚೀಲವನ್ನೂ ಗರ್ಭಕೋಶವನ್ನೂ ಗುದವನ್ನೂ ಕೆಳಗಿನಿಂದ ಹೊತ್ತು ಹಿಡಿದಿರುವುದು ಮಗುವಿನ ಜೋಲಿಯ ಹಾಗೆ ಹಿಂದೆ ಮುಂದೆ ಕಟ್ಟಿದ ಒಂದು ಸ್ನಾಯುವಿನ ಹಾಸು. ಇವುಗಳಲ್ಲಿ ಯಾವುದು ಕೆಟ್ಟಿದೆ ಅನ್ನುವುದರ ಮೇಲೆ ಸೋರಿಕೆಯ ಥರ.

ಕೆಮ್ಮು, ಸೀನು, ನಗು, ಬಿಂದಿಗೆ ಎತ್ತುವುದು, ಮೆಟ್ಟಿಲು ಇಳಿಯುವುದು, ಇಂಥ ಹೊತ್ತಿನಲ್ಲಿ ಚೂರು ಚೂರು ಜಾರಿದರೆ ಅದು ಒತ್ತಡದ ಸೋರಿಕೆ. ಜೋಲಿ ಸಡಿಲವಾಗಿದೆ, ಬಾಯಿ ಬಿಗಿಯಾಗುತ್ತಿಲ್ಲ. ಡಾಕ್ಟರು ಇದಕ್ಕೆ 'ಸ್ಟ್ರೆಸ್' ಅನ್ನುತ್ತಾರೆ. ನನಗೆ ಹೇಳಿದಾಗ ನಾನು "ಇಲ್ಲ ಮೇಡಂ, ನನಗೆ ಟೆನ್ಷನ್ ಏನೂ ಇಲ್ಲ" ಅಂದಿದ್ದೆ. ಮನಸ್ಸಿನ ಒತ್ತಡಕ್ಕೂ ಇದಕ್ಕೂ ಸಂಬಂಧ ಇಲ್ಲ, ಹೊಟ್ಟೆಯಿಂದ ಕೆಳಗೆ ಬೀಳುವ ಒತ್ತಡ ಅಷ್ಟೇ.

ಇದ್ದಕ್ಕಿದ್ದಂತೆ ತಡೆಯಲಾಗದ ಅವಸರ ಬಂದು, ಓಡುವಷ್ಟರಲ್ಲಿ ಜಾಸ್ತಿಯೇ ಹೋಗಿಬಿಟ್ಟರೆ ಅದು ಅವಸರದ ಸೋರಿಕೆ. ನಲ್ಲಿಯ ಸದ್ದು ಕೇಳಿದರೆ, ನೀರಲ್ಲಿ ಕೈ ಇಟ್ಟರೆ, ಮನೆ ಬಾಗಿಲು ಕಂಡರೆ ಬರುತ್ತದೆ. ಇಲ್ಲಿ ಬಾಯಿ ಚೆನ್ನಾಗಿಯೇ ಇರಬಹುದು. ಚೀಲವೇ ಹೊತ್ತಿಗೆ ಮುಂಚೆ ಹಿಂಡಿಕೊಳ್ಳುತ್ತದೆ. ಎರಡೂ ಸೇರಿರುವವರು ಬಹಳ ಜನ. ಅವರು ಯಾವುದು ಹೆಚ್ಚು ಕಾಡುತ್ತದೋ ಅದರಿಂದ ಶುರುಮಾಡಬೇಕು.

ಮೂರನೆಯದು ಕೆರೆ ಕೋಡಿ ಬಿದ್ದ ಹಾಗೆ. ಚೀಲ ಖಾಲಿಯೇ ಆಗುವುದಿಲ್ಲ, ತುಂಬಿ ತುಂಬಿ ಹೊರಗೆ ಹನಿಯುತ್ತದೆ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ಗಂಡಸರಲ್ಲಿ, ಹಳೆಯ ಸಕ್ಕರೆ ಕಾಯಿಲೆಯಿಂದ ನರ ಸೋತವರಲ್ಲಿ ಕಾಣುತ್ತದೆ. ಧಾರೆ ಸಣ್ಣ, ತಿಣುಕಬೇಕು, ಹೋಗಿ ಬಂದರೂ ಇನ್ನೂ ಇದೆ ಅನ್ನಿಸುತ್ತದೆ. ಇದನ್ನು ಬೇರೆ ಮಾಡಿ ಗುರುತಿಸುವುದು ಯಾಕೆ ಮುಖ್ಯ ಅನ್ನುವುದಕ್ಕೆ ನನ್ನ ದೊಡ್ಡಪ್ಪನ ಕಥೆಯೇ ಸಾಕು. ಪಂಚೆ ಒದ್ದೆಯಾಗುತ್ತೆ ಅಂತ ಯಾರೋ ಒಬ್ಬರು, ಸ್ಕ್ಯಾನ್ ಕೂಡ ಮಾಡಿಸದೆ, ಮೂತ್ರ 'ಹಿಡಿದಿಡುವ' ಮಾತ್ರೆ ಬರೆದುಕೊಟ್ಟರು. ಮೂರನೇ ರಾತ್ರಿ ಪೂರ್ತಿ ಕಟ್ಟಿಕೊಂಡು, ನಳಿಕೆ ಹಾಕಿ ತೆಗೆಯಬೇಕಾಯಿತು. ಕೋಡಿಯ ನೀರು ನಿಲ್ಲಿಸಲು ಹೋಗಿ ತೂಬನ್ನೇ ಮುಚ್ಚಿದ ಹಾಗಾಯಿತು.

ಇನ್ನು ಕೊನೆಯದು, ಮೂತ್ರಕೋಶದ ತಪ್ಪೇ ಇಲ್ಲದ ಸೋರಿಕೆ. ಮಂಡಿ ಹಿಡಿದು ಏಳಲಾಗದವರು, ಕಣ್ಣು ಮಂದವಾದವರು, ಮರೆವಿನ ಕಾಯಿಲೆಯವರು, ಲಾಡಿ ಗಂಟು ಬಿಚ್ಚಲು ಬೆರಳು ಸಾಗದವರು. ಬಚ್ಚಲು ದೂರ, ಕಾಲು ನಿಧಾನ. ಇದಕ್ಕೆ ಮಾತ್ರೆಗಿಂತ ಮೊದಲು ಮನೆಯನ್ನು ಸರಿಮಾಡಬೇಕು.

ಎರಡನೇ ಹೆಜ್ಜೆ: ಮೂರು ದಿನದ ಲೆಕ್ಕ

ನನ್ನ ಪ್ರಕಾರ ಇಡೀ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಲಾಭ ಕೊಡುವ ಕೆಲಸ ಇದು. ಜನ ಮಾಡಲು ಬೇಜಾರು ಪಟ್ಟುಕೊಳ್ಳುವುದೂ ಇದಕ್ಕೇ.

ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅಡುಗೆಯ ಅಳತೆ ಲೋಟದಿಂದ ನೀರು ಹಾಕುತ್ತಾ 100, 200, 300 ಅಂತ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಅದನ್ನು ಬಚ್ಚಲಿನಲ್ಲಿಡಿ. ಮನೆಯವರಿಗೆ ಅದು ಏನಕ್ಕೆ ಅಂತ ಹೇಳಿಬಿಡಿ, ಇಲ್ಲದಿದ್ದರೆ ಯಾರೋ ಗಿಡಕ್ಕೆ ನೀರು ಹಾಕಲು ತೆಗೆದುಕೊಂಡು ಹೋಗುತ್ತಾರೆ. ಮೂರು ದಿನ, ಒಟ್ಟೊಟ್ಟಿಗೇ ಇರಬೇಕೆಂದಿಲ್ಲ, ಹೀಗೆ ಬರೆಯಿರಿ: ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು. ಎಷ್ಟು ಗಂಟೆಗೆ ಒಂದಕ್ಕೆ ಹೋದಿರಿ, ಎಷ್ಟು ಮಿಲಿ. ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಮಲಗಿದ್ದು, ಎದ್ದದ್ದು ಯಾವಾಗ.

ಈಗ ಓದಿ. ದಿನಕ್ಕೆ ಏಳೆಂಟು ಸಲ, ಒಂದೊಂದು ಸಲಕ್ಕೆ 200ರಿಂದ 400 ಮಿಲಿ, ರಾತ್ರಿ ಹೆಚ್ಚೆಂದರೆ ಒಂದು ಸಲ ಎದ್ದರೆ ಅದು ಸಾಮಾನ್ಯ. ದಿನದ ಒಟ್ಟು ಒಂದೂವರೆಯಿಂದ ಎರಡು ಲೀಟರ್ ಆಸುಪಾಸು.

ಒಟ್ಟು ಮೂರು ಲೀಟರ್ ದಾಟುತ್ತಿದ್ದರೆ ಮೂತ್ರಕೋಶವನ್ನು ಬಯ್ಯಬೇಡಿ. ನೀವು ಅಗತ್ಯಕ್ಕಿಂತ ಜಾಸ್ತಿ ಕುಡಿಯುತ್ತಿರಬೇಕು, ಇಲ್ಲವೇ ರಕ್ತದಲ್ಲಿ ಸಕ್ಕರೆ ಏರಿರಬೇಕು. ಸಕ್ಕರೆ ಪರೀಕ್ಷೆ ಮಾಡಿಸಿ. ಒಟ್ಟು ಸರಿಯಾಗಿದ್ದು, ಸಲಕ್ಕೆ ಬರೀ 80, 100 ಮಿಲಿಯಂತೆ ಹದಿನೈದು ಸಲ ಹೋಗುತ್ತಿದ್ದರೆ ಚೀಲ ಅವಸರ ಮಾಡುತ್ತಿದೆ, ಅಥವಾ ಸೋಂಕಿದೆ, ಅಥವಾ ಪೂರ್ತಿ ಖಾಲಿಯಾಗುತ್ತಿಲ್ಲ. ವಯಸ್ಸಾದವರಲ್ಲಿ ಇಡೀ ದಿನದ ಮೂತ್ರದ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಬರುತ್ತಿದ್ದರೆ ಕಾರಣ ಕಾಲಿನಲ್ಲಿರಬಹುದು! ಹಗಲು ಕಾಲಿಗೆ ಇಳಿದು ಬಾತುಕೊಂಡ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ, ಮೂತ್ರವಾಗಿ ಬರುತ್ತದೆ. ಮಧ್ಯಾಹ್ನ ಒಂದೆರಡು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿದರೆ ಆ ನೀರು ಹಗಲೇ ಇಳಿದುಹೋಗುತ್ತದೆ. ಆದರೆ ಕಾಲು ಬಾವು ಹೊಸದಾಗಿ ಬಂದಿದ್ದರೆ ಹೃದಯ, ಕಿಡ್ನಿ ತೋರಿಸಿಕೊಳ್ಳಿ. ನಿದ್ದೆಯಲ್ಲಿ ಉಸಿರು ಕಟ್ಟುವಂಥ ಗೊರಕೆ ಇದ್ದವರಿಗೂ ರಾತ್ರಿ ಮೂತ್ರ ಜಾಸ್ತಿ.

ಅತ್ತೆಯ ನೋಟ್‌ಬುಕ್ಕಿನಲ್ಲಿ ಮೊದಲ ದಿನವೇ ಒಂದು ಗುಟ್ಟು ಬಯಲಾಯಿತು. ದಿನಕ್ಕೆ ಐದು ಲೋಟ ಕಾಫಿ, ಎರಡೇ ಲೋಟ ನೀರು.

ಮೂರನೇ ಹೆಜ್ಜೆ: ಸುಲಭವಾಗಿ ಸರಿಹೋಗುವುದನ್ನು ಮೊದಲು ಸರಿಮಾಡಿ

ಸೋರುತ್ತದೆ ಅಂದ ಕೂಡಲೇ ಎಲ್ಲರೂ ನೀರು ಬಿಡುತ್ತಾರೆ. ಇದರಲ್ಲಿ ಹೆಂಗಸರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಹಾಸನದಿಂದ ಕಲಬುರಗಿಗೆ ಬಸ್ಸಲ್ಲಿ ಹೋಗುವವಳು ಯಾವ ಧೈರ್ಯದ ಮೇಲೆ ನೀರು ಕುಡಿಯಬೇಕು? ಆದರೂ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಚೀಲವನ್ನು ಕೆರಳಿಸುತ್ತದೆ, ಮಲ ಗಟ್ಟಿಯಾಗುತ್ತದೆ, ಸೋಂಕು ಬೇಗ ಹತ್ತುತ್ತದೆ. ಒಂದೂವರೆಯಿಂದ ಎರಡು ಲೀಟರ್ ಇರಲಿ, ಬಿಸಿಲಲ್ಲಿ ಕೆಲಸ ಮಾಡುವವರಿಗೆ ಇನ್ನೂ ಜಾಸ್ತಿ. ಹೃದಯ, ಕಿಡ್ನಿ ತೊಂದರೆಗೆ ಡಾಕ್ಟರು ಅಳತೆ ಹೇಳಿದ್ದರೆ ಅದೇ ಅಳತೆ. ಕುಡಿಯುವುದನ್ನು ಹಗಲಿನ ಕಡೆ ತಳ್ಳಿ, ಮಲಗುವ ಎರಡು ಮೂರು ಗಂಟೆ ಮೊದಲು ನಿಲ್ಲಿಸಿ.

ಬಾಣಂತಿಗೆ ನೀರು ಕೊಡಬಾರದು ಅನ್ನುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಹಾಲೂಡಿಸುವ ತಾಯಿಗೆ ಅದಕ್ಕಿಂತ ಕೆಟ್ಟ ಉಪಚಾರ ಇಲ್ಲ.

ಕಾಫಿ, ಚಹಾ ಅವಸರದ ಸೋರಿಕೆಯವರಿಗೆ ಆಗದು. ಒಂದೇ ಸಲ ಬಿಟ್ಟರೆ ತಲೆನೋವು ಬರುತ್ತದೆ, ಅತ್ತೆಯಂಥವರು ಜಗಳವನ್ನೂ ಆಡುತ್ತಾರೆ. ವಾರಕ್ಕೆ ಒಂದು ಲೋಟ ಕಡಿಮೆ ಮಾಡಿ, ಮೊದಲು ಸಂಜೆಯದ್ದನ್ನು. ಬದಲಿಗೆ ಜೀರಿಗೆ ಕಷಾಯವೋ ಮಜ್ಜಿಗೆಯೋ ಇರಲಿ. ಮದ್ಯ, ಕೋಲಾ ಕೂಡ ಇದೇ ಪಟ್ಟಿಗೆ ಸೇರುತ್ತವೆ.

ಮಲಬದ್ಧತೆ ಇದ್ದರೆ ಗಟ್ಟಿ ಮಲ ಮೂತ್ರಕೋಶವನ್ನು ಒತ್ತುತ್ತದೆ, ತಿಣುಕಿ ತಿಣುಕಿ ಜೋಲಿ ಇನ್ನಷ್ಟು ಸಡಿಲವಾಗುತ್ತದೆ. ಸೊಪ್ಪು, ಹಣ್ಣು, ಕಾಳು ಊಟದಲ್ಲಿರಲಿ, ಸಾಲದಿದ್ದರೆ ಇಸಬ್‌ಗೋಲ್. ಕಮೋಡ್ ಮೇಲೆ ಕೂರುವವರು ಕಾಲ ಕೆಳಗೆ ಒಂದು ಮಣೆ ಇಟ್ಟುಕೊಂಡರೆ ತಿಣುಕುವುದು ಕಡಿಮೆಯಾಗುತ್ತದೆ.

ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಿದರೂ ಫಲ ಇದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ತೂಕದ 8 ಶೇಕಡಾ ಇಳಿಸಿದ ಹೆಂಗಸರಿಗೆ ವಾರದ ಸೋರಿಕೆಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. 80 ಕೆಜಿ ಇರುವವರು ಆರೂವರೆ ಕೆಜಿ ಇಳಿಸಿದರೆ ಸಾಕು ಅಂತಾಯಿತು.

ಆಮೇಲೆ ನಿಮ್ಮ ಮಾತ್ರೆ ಡಬ್ಬಿ ತೆಗೆದು ನೋಡಿ. ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತವೆ, ಕೆಮ್ಮು ಸೋರಿಕೆ ತರುತ್ತದೆ. ಬಿಪಿಗೇ ಕೊಡುವ ಪ್ರಾಜೋಸಿನ್ ಹೆಂಗಸರಲ್ಲಿ ಮೂತ್ರದ ಬಾಯನ್ನು ಸಡಿಲ ಮಾಡಬಹುದು. ಫ್ಯೂರೋಸೆಮೈಡ್‌ನಂಥ 'ನೀರು ಹೋಗುವ' ಮಾತ್ರೆಯನ್ನು ಸಂಜೆ ತಡವಾಗಿ ನುಂಗಿದರೆ ರಾತ್ರಿಯೆಲ್ಲ ಎದ್ದು ಓಡಾಟ. ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೂತ್ರವನ್ನು ಜಾಸ್ತಿ ಮಾಡುತ್ತವೆ, ಕೆಳಗೆ ತುರಿಕೆಯ ಸೋಂಕನ್ನೂ ತರಬಹುದು. ಮೂಗು ಕಟ್ಟಿದ್ದಕ್ಕೆ ಅಂಗಡಿಯಲ್ಲಿ ಕೊಡುವ ನೆಗಡಿ ಮಾತ್ರೆ ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಮೂತ್ರ ಕಟ್ಟಿಸಬಹುದು. ಇವನ್ನು ನೀವೇ ನಿಲ್ಲಿಸಬೇಡಿ. ಪಟ್ಟಿ ಮಾಡಿ ಡಾಕ್ಟರಿಗೆ ತೋರಿಸಿ, ಬದಲಿ ಇರುತ್ತದೆ, ಹೊತ್ತು ಬದಲಿಸಿದರೂ ಆಗಬಹುದು.

ನಾಲ್ಕನೇ ಹೆಜ್ಜೆ: ಜೋಲಿಯನ್ನು ಬಿಗಿ ಮಾಡುವುದು

ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದರು, ಹಾಗಾಗಿ ಅವರ ಹೆಸರೇ ನಿಂತಿತು. ಯೋಗ ಕಲಿತವರಿಗೆ ಮೂಲಬಂಧ ಗೊತ್ತಿದ್ದರೆ ಇದು ಹೊಸದೇನಲ್ಲ, ಹತ್ತಿರಹತ್ತಿರ ಅದೇ. ಒತ್ತಡದ ಸೋರಿಕೆಗೆ ಇದೇ ಮೊದಲ ಚಿಕಿತ್ಸೆ.

ಕಷ್ಟ ಇರುವುದು ಸರಿಯಾದ ಸ್ನಾಯು ಹುಡುಕುವುದರಲ್ಲಿ. ಮಂಡಿ ಮಡಚಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ತಡೆಯುವಾಗ ಹೇಗೆ ಬಿಗಿ ಹಿಡಿಯುತ್ತೀರೋ ಹಾಗೆ ಹಿಡಿಯಿರಿ. ಅದೇ ಬಿಗಿಯನ್ನು ಮುಂದಕ್ಕೆ, ಮೂತ್ರದ ದಾರಿಯವರೆಗೂ ತಂದು, ಒಳಕ್ಕೆ ಮೇಲಕ್ಕೆ ಎತ್ತಿ. ಹೆಂಗಸರು ಒಂದು ಕೈಗನ್ನಡಿ ಹಿಡಿದು ನೋಡಿದರೆ ಯೋನಿಗೂ ಗುದಕ್ಕೂ ನಡುವಿನ ಜಾಗ ಒಳಕ್ಕೆ ಸರಿಯುವುದು ಕಾಣುತ್ತದೆ. ಹೊರಕ್ಕೆ ಉಬ್ಬಿದರೆ ನೀವು ಎತ್ತುತ್ತಿಲ್ಲ, ತಿಣುಕುತ್ತಿದ್ದೀರಿ. ಅದರಿಂದ ತೊಂದರೆ ಹೆಚ್ಚಾಗುತ್ತದೆ. ಗಂಡಸರಿಗೆ ಸರಿಯಾಗಿ ಬಿಗಿ ಹಿಡಿದಾಗ ವೃಷಣ ಚೂರು ಮೇಲೇರುತ್ತದೆ.

ಹೊಟ್ಟೆ ಗಟ್ಟಿ ಮಾಡಬೇಡಿ, ಕುಂಡೆ ಒತ್ತಬೇಡಿ, ತೊಡೆ ಜೋಡಿಸಬೇಡಿ. ಉಸಿರು ಕಟ್ಟಬಾರದು. ನಾನು ಜೋರಾಗಿ ಎಣಿಸುತ್ತಾ ಮಾಡುತ್ತಿದ್ದೆ, ಎಣಿಸುವಾಗ ಉಸಿರು ಕಟ್ಟಲು ಆಗುವುದಿಲ್ಲವಲ್ಲ.

ಮೂರು ಎಣಿಸುವವರೆಗೆ ಹಿಡಿದು, ಮೂರು ಎಣಿಸುವವರೆಗೆ ಪೂರ್ತಿ ಬಿಡಿ. ಹೀಗೆ 8 ಸಲ. ದಿನಕ್ಕೆ 3 ಹೊತ್ತು. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ವಾರ ವಾರ ಒಂದೊಂದು ಎಣಿಕೆ ಏರಿಸುತ್ತಾ 10ಕ್ಕೆ ಹೋಗಿ. ಪ್ರತಿ ಹೊತ್ತಿನ ಕೊನೆಗೆ ಚಕಚಕನೆ ಹಿಡಿದು ಬಿಡುವುದು 8, 10 ಸಲ. ಮಲಗಿ ಮಾಡಲು ಬಂದ ಮೇಲೆ ಕೂತು, ಆಮೇಲೆ ನಿಂತು. ನಾನು ಹಾಲು ಕಾಯಿಸುವ ಹೊತ್ತನ್ನು ಇದಕ್ಕೆ ಗಂಟು ಹಾಕಿದೆ, ಹಾಗಾಗಿ ಮರೆಯಲಿಲ್ಲ. ಹಾಲು ಮಾತ್ರ ಎರಡು ಸಲ ಉಕ್ಕಿತು.

ಮೂತ್ರ ಮಾಡುತ್ತಾ ಮಧ್ಯೆ ನಿಲ್ಲಿಸುವುದನ್ನೇ ವ್ಯಾಯಾಮ ಅಂತ ಮಾಡಬೇಡಿ. ಚೀಲ ಪೂರ್ತಿ ಖಾಲಿಯಾಗದೆ ಸೋಂಕಿಗೆ ದಾರಿಯಾಗಬಹುದು.

ಇನ್ನೊಂದು ಕೈಚಳಕ ಇದೆ. ಕೆಮ್ಮು ಬರುತ್ತಿದೆ, ಸೀನು ಬರುತ್ತಿದೆ, ಬಿಂದಿಗೆ ಎತ್ತಬೇಕು ಅನ್ನುವ ಕ್ಷಣಕ್ಕೆ ಮೊದಲೇ ಬಿಗಿ ಹಿಡಿದು, ಆಮೇಲೆ ಕೆಮ್ಮಿ, ಆಮೇಲೆ ಬಿಡಿ. ಮೊದಲು ನೆನಪೇ ಆಗುವುದಿಲ್ಲ. ತಿಂಗಳು ಕಳೆದ ಮೇಲೆ ತಾನಾಗಿ ಆಗುತ್ತದೆ. ನನಗೆ ಮೊದಲ ಲಾಭ ಸಿಕ್ಕಿದ್ದು ಇದರಿಂದಲೇ.

ಮೂರು ತಿಂಗಳು ಬಿಡದೆ ಮಾಡಿ, ಅದಕ್ಕಿಂತ ಮೊದಲು "ಇದೆಲ್ಲ ಸುಮ್ನೆ" ಅನ್ನಬೇಡಿ. ಬಾಣಂತಿಯರು ನೋವಿಲ್ಲದಷ್ಟು ಮೆಲ್ಲಗೆ ಬೇಗನೇ ಶುರು ಮಾಡಬಹುದು. ಹೆರಿಗೆಯಾದ ಮೊದಲ ವಾರಗಳಲ್ಲಿ ಸೋರುವುದು ಬಹಳ ಜನರಿಗೆ ಇರುತ್ತದೆ, ಮೂರು ತಿಂಗಳಾದರೂ ನಿಲ್ಲದಿದ್ದರೆ ತೋರಿಸಿಕೊಳ್ಳಿ. ಸರಿಯಾಗಿ ಮಾಡುತ್ತಿದ್ದೇನೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಈ ಭಾಗದ ತರಬೇತಿ ಇರುವ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಒಂದು ಸಲವಾದರೂ ಕಾಣಿ. ಕೆಳಗೆ ಏನೋ ಗಡ್ಡೆಯ ಹಾಗೆ ಜಾರಿ ಕೈಗೆ ಸಿಗುತ್ತಿದ್ದರೆ ಅದು ಗರ್ಭಕೋಶ ಅಥವಾ ಮೂತ್ರಕೋಶ ಇಳಿದಿರುವುದು, ಅದನ್ನೂ ಮುಚ್ಚಿಡಬೇಡಿ.

ಐದನೇ ಹೆಜ್ಜೆ: ಅವಸರಕ್ಕೆ ಕಡಿವಾಣ

ಅವಸರದ ಸೋರಿಕೆಯವರು ಮಾಡುವ ಎರಡು ಕೆಲಸ ತೊಂದರೆಯನ್ನು ಬೆಳೆಸುತ್ತವೆ. ಒಂದು, ಯಾವುದಕ್ಕೂ ಇರಲಿ ಅಂತ ಹೊತ್ತುಹೊತ್ತಿಗೆ ಹೋಗಿಬರುವುದು. ಹೀಗೆ ಮಾಡಿದರೆ ಚೀಲ ನೂರು ಮಿಲಿಗೇ ಗಲಾಟೆ ಮಾಡಲು ಕಲಿಯುತ್ತದೆ. ಎರಡು, ಬಂದ ತಕ್ಷಣ ಓಡುವುದು. ಓಡಿದರೆ ಹೊಟ್ಟೆಯ ಒತ್ತಡ ಏರುತ್ತದೆ, ಗಾಬರಿಯೂ ಏರುತ್ತದೆ, ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ.

ಅವಸರ ಬಂದಾಗ ನಿಂತಲ್ಲೇ ನಿಲ್ಲಿ, ಸಾಧ್ಯವಾದರೆ ಕೂತುಕೊಳ್ಳುವುದು ಉತ್ತಮ. ಮೇಲೆ ಹೇಳಿದ ಸ್ನಾಯುವನ್ನು ಚಕಚಕನೆ ಐದಾರು ಸಲ ಹಿಡಿದು ಬಿಡಿ. ಮನಸ್ಸನ್ನು ಬೇರೆ ಕಡೆ ಹಾಕಿ. ಅತ್ತೆ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಹದಿನೇಳು ಎಂಟ್ಲಾ ನೂರಾ ಮೂವತ್ತಾರಕ್ಕೆ ಬರುವಷ್ಟರಲ್ಲಿ ಅಲೆ ಇಳಿದಿರುತ್ತಿತ್ತು. ಅವಸರ ಅಲೆಯ ಹಾಗೆ, ಏರುತ್ತದೆ, ಇಳಿಯುತ್ತದೆ. ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಿ.

ಇದು ಬಂದ ಮೇಲೆ ಹೊತ್ತನ್ನು ಹಿಗ್ಗಿಸಬೇಕು. ನೋಟ್‌ಬುಕ್ ನೋಡಿ, ನೀವು ಒದ್ದೆಯಾಗದೆ ಇರುವ ಅಂತರ ಎಷ್ಟು? ಒಂದು ಗಂಟೆ ಅಂತಿಟ್ಟುಕೊಳ್ಳಿ. ಮೊದಲ ವಾರ ಗಂಟೆಗೊಮ್ಮೆ ಹೋಗಿ, ಬರಲಿ ಬಿಡಲಿ. ಮುಂದಿನ ವಾರ ಒಂದೂಕಾಲು ಗಂಟೆ. ಹೀಗೆ ವಾರಕ್ಕೆ 15 ನಿಮಿಷ ಏರಿಸುತ್ತಾ ಮೂರು ಗಂಟೆಯವರೆಗೆ ಹೋಗಿ. ರಾತ್ರಿಗೆ ಈ ನಿಯಮ ಬೇಡ. ಕನಿಷ್ಠ 6 ವಾರ ಬೇಕು. ನಡುವೆ ಕೆಟ್ಟ ದಿನಗಳು ಬರುತ್ತವೆ, ನೆಗಡಿಯಾದಾಗ, ಮನೆಗೆ ನೆಂಟರು ಬಂದಾಗ. ಒಂದು ಮೆಟ್ಟಿಲು ಹಿಂದಕ್ಕೆ ಬಂದು ಮತ್ತೆ ಹತ್ತಿ.

ಚೀಲ ಪೂರ್ತಿ ಖಾಲಿಯಾಗದವರು, ಅಂದರೆ ಕೋಡಿ ಬೀಳುವ ಥರದವರು, ಇದನ್ನು ಮಾಡಬಾರದು. ದೊಡ್ಡಪ್ಪನನ್ನು ನೆನಪಿಡಿ.

ಮಂಡಿ, ಮರೆವು, ದೂರದ ಬಚ್ಚಲು

ಮಂಚದಿಂದ ಬಚ್ಚಲಿನವರೆಗೆ ರಾತ್ರಿ ಉರಿಯುವ ಸಣ್ಣ ದೀಪ ಹಾಕಿಸಿ, ದಾರಿಯ ಕಾಲೊರೆಸು, ಚಾಪೆ ತೆಗೆಯಿರಿ, ಗೋಡೆಗೆ ಹಿಡಿ ಹಾಕಿಸಿ. ಬಚ್ಚಲು ಹಿತ್ತಲಲ್ಲಿದ್ದರೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ, ಗಂಡಸರಿಗೆ ಯೂರಿನ್ ಪಾಟ್. ಲಾಡಿಯ ಬದಲು ಎಲಾಸ್ಟಿಕ್ ಹೊಲಿಸಿ. ಮರೆವಿರುವವರನ್ನು "ಬಂತಾ?" ಅಂತ ಕೇಳಿದರೆ "ಇಲ್ಲ" ಅಂತಲೇ ಅನ್ನುತ್ತಾರೆ. ಎರಡು ಗಂಟೆಗೊಮ್ಮೆ "ಬನ್ನಿ ಅಮ್ಮ, ಹೋಗಿ ಬರೋಣ" ಅಂತ ಕೈ ಹಿಡಿದು ಕರೆದುಕೊಂಡು ಹೋಗಬೇಕು. ನಿನ್ನೆವರೆಗೆ ಸರಿಯಾಗಿದ್ದ ಮುದುಕರು ಇದ್ದಕ್ಕಿದ್ದಂತೆ ಬಟ್ಟೆಯಲ್ಲೇ ಮಾಡಿಕೊಂಡು ತಬ್ಬಿಬ್ಬಾಗಿ ಮಾತಾಡಿದರೆ ವಯಸ್ಸಿನ ಮೇಲೆ ಹಾಕಬೇಡಿ. ಸೋಂಕು, ಮಲ ಕಟ್ಟಿರುವುದು, ಹೊಸ ಮಾತ್ರೆ, ಸೋಡಿಯಂ ಇಳಿದಿರುವುದು, ಏನೋ ಒಂದು ಇರುತ್ತದೆ.

ಡಾಕ್ಟರ ಹತ್ತಿರ ಹೋದಾಗ

ಹೆಂಗಸರು ಸ್ತ್ರೀರೋಗ ತಜ್ಞರನ್ನು, ಗಂಡಸರು ಯೂರಾಲಜಿಸ್ಟನ್ನು, ಅಂದರೆ ಮೂತ್ರರೋಗ ತಜ್ಞರನ್ನು ಕಾಣಬಹುದು. ಮನೆ ಡಾಕ್ಟರಿಂದ ಶುರು ಮಾಡಿದರೂ ತಪ್ಪಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಕಿಡ್ನಿ, ಮೂತ್ರದ ಕಾಯಿಲೆಗಳಿಗೆ ಸರ್ಕಾರದ್ದೇ ನೆಫ್ರೋ-ಯೂರಾಲಜಿ ಸಂಸ್ಥೆ ಇದೆ. ನಾಚಿಕೆಯಾದರೆ ನೋಟ್‌ಬುಕ್ಕನ್ನೇ ಮೇಜಿನ ಮೇಲಿಡಿ, ಅದು ಮಾತಾಡುತ್ತದೆ. ಮಾತ್ರೆ ಪಟ್ಟಿಯೂ ಜೊತೆಗಿರಲಿ.

ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಸಾಮಾನ್ಯವಾಗಿ ಹೇಳುತ್ತಾರೆ. ಸ್ಕ್ಯಾನಿನಲ್ಲಿ ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ನೋಡಿಸಿ. 50 ಮಿಲಿಗಿಂತ ಕಡಿಮೆ ಇದ್ದರೆ ಸರಿ, 200 ದಾಟಿದರೆ ಚೀಲ ಖಾಲಿಯಾಗುತ್ತಿಲ್ಲ ಅಂತ ಅರ್ಥ. ಸ್ಕ್ಯಾನ್ ಸೆಂಟರಿನಲ್ಲಿ ನೀರು ಕುಡಿಸಿ ಗಂಟೆಗಟ್ಟಲೆ ಕೂರಿಸುತ್ತಾರೆ. ಸೋರಿಕೆ ಇದೆ ಅಂತ ಮೊದಲೇ ಹೇಳಿ. ಅತಿಯಾಗಿ ತುಂಬಿಕೊಂಡು ಹೋದರೆ ಉಳಿಕೆಯೂ ಸುಳ್ಳೇ ಜಾಸ್ತಿ ಕಾಣಬಹುದು. ಒತ್ತಡ ಅಳೆಯುವ ಯೂರೋಡೈನಾಮಿಕ್ಸ್ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಆಪರೇಷನ್ ಮಾತು ಬಂದಾಗಲೋ, ಕಾರಣ ಗೊಂದಲವಾಗಿದ್ದಾಗಲೋ ಮಾಡಿಸುತ್ತಾರೆ.

ಅವಸರದ ಸೋರಿಕೆಗೆ ಸಾಲಿಫೆನಾಸಿನ್, ಟಾಲ್ಟೆರೋಡಿನ್, ಆಕ್ಸಿಬ್ಯುಟಿನಿನ್ ಕೊಡುತ್ತಾರೆ. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ವಯಸ್ಸಾದವರಿಗೆ ಮಂಕು ಕವಿಯಬಹುದು, ಅದರಲ್ಲೂ ಆಕ್ಸಿಬ್ಯುಟಿನಿನ್‌ನಿಂದ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇದ್ದರೆ ತಪ್ಪದೆ ಹೇಳಿ. ಮಿರಾಬೆಗ್ರಾನ್ ಬೇರೆ ಜಾತಿಯ ಮಾತ್ರೆ, ಈ ತೊಂದರೆಗಳು ಕಡಿಮೆ, ಆದರೆ ಬಿಪಿ ನೋಡುತ್ತಿರಬೇಕು. ಎರಡಕ್ಕೂ ಫಲ ಕಾಣಲು ನಾಲ್ಕು ವಾರವಾದರೂ ಬೇಕು. ಮುಟ್ಟು ನಿಂತ ಮೇಲೆ ಒಣಗಿ ಉರಿಯುತ್ತಿದ್ದರೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನು) ಕ್ರೀಮ್ ಅವಸರವನ್ನೂ ಪದೇ ಪದೇ ಬರುವ ಸೋಂಕನ್ನೂ ಕಡಿಮೆ ಮಾಡುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲು ಆ ವೈದ್ಯರನ್ನು ಕೇಳಬೇಕು. ಮಾತ್ರೆ ನಾಟದಿದ್ದರೆ ಮೂತ್ರಕೋಶದ ಗೋಡೆಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುವುದು, ಕಾಲಿನ ಗಿಣ್ಣಿನ ಹತ್ತಿರದ ನರಕ್ಕೆ ವಾರಕ್ಕೊಮ್ಮೆ ಅರ್ಧ ಗಂಟೆಯಂತೆ 12 ವಾರ ಸಣ್ಣ ಕರೆಂಟ್ ಕೊಡುವುದು, ಇಂಥ ದಾರಿಗಳಿವೆ. ಬೊಟಾಕ್ಸ್ ತಿಂಗಳುಗಳ ಲೆಕ್ಕದಲ್ಲಿ ಇಳಿದುಹೋಗುತ್ತದೆ, ಮತ್ತೆ ಚುಚ್ಚಿಸಬೇಕು.

ಒತ್ತಡದ ಸೋರಿಕೆಗೆ ವ್ಯಾಯಾಮ ಸಾಲದಿದ್ದರೆ ಮೂತ್ರನಾಳದ ಕೆಳಗೆ ಆಸರೆಯಾಗಿ ಪಟ್ಟಿ ಹಾಕುವ ಆಪರೇಷನ್ ಇದೆ. 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಇದನ್ನು ರೂಢಿಗೆ ತಂದರು. ಬಹಳ ಜನರಿಗೆ ಚೆನ್ನಾಗಿ ಕೆಲಸ ಮಾಡಿದೆ. ಆದರೆ ಪ್ಲಾಸ್ಟಿಕ್ ಬಲೆಯ ಪಟ್ಟಿ ಕೆಲವರಲ್ಲಿ ಒಳಗೇ ಕೊರೆದು ನೋವು ಕೊಟ್ಟಿದ್ದರಿಂದ ಇಂಗ್ಲೆಂಡಿನಲ್ಲಿ 2018ರಲ್ಲಿ ಅದರ ಬಳಕೆ ತಡೆಹಿಡಿದರು. ನಿಮ್ಮದೇ ದೇಹದ ಪೊರೆಯಿಂದ ಪಟ್ಟಿ ಮಾಡುವ ವಿಧಾನವೂ ಇದೆ. "ಯಾವ ಪಟ್ಟಿ? ನೀವು ಎಷ್ಟು ಜನಕ್ಕೆ ಹಾಕಿದ್ದೀರಿ? ಆಮೇಲೆ ತೊಂದರೆಯಾದರೆ ತೆಗೆಯಬಹುದಾ?" ಈ ಮೂರು ಪ್ರಶ್ನೆ ಕೇಳಲು ಹಿಂಜರಿಯಬೇಡಿ. ಇನ್ನೂ ಮಕ್ಕಳು ಬೇಕು ಅನ್ನುವವರು ಸಾಮಾನ್ಯವಾಗಿ ಕಾಯುವುದು ಒಳ್ಳೆಯದು.

ಗಂಡಸರಿಗೆ ಪ್ರಾಸ್ಟೇಟ್ ದೊಡ್ಡದಾಗಿದ್ದರೆ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ, ಸಾಲದಿದ್ದರೆ ಆಪರೇಷನ್. ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಆದವರಿಗೆ ಸೋರಿಕೆ ತಿಂಗಳು ಕಳೆದಂತೆ ಕಡಿಮೆಯಾಗುತ್ತಾ ಬರುತ್ತದೆ, ಕೀಗಲ್ ಅಲ್ಲಿಯೂ ಹೇಳಿಕೊಡುತ್ತಾರೆ. ಹೋಗಿ ಬಂದ ಮೇಲೆ ಚಡ್ಡಿಯಲ್ಲಿ ನಾಲ್ಕು ಹನಿ ಬೀಳುವುದು ಮಾತ್ರ ತೊಂದರೆಯಾದರೆ, ಮುಗಿದ ಮೇಲೆ ವೃಷಣದ ಹಿಂದೆ ಬೆರಳಿಟ್ಟು ಮುಂದಕ್ಕೆ ಮೆಲ್ಲಗೆ ನೀವಿ. ನಾಳದಲ್ಲಿ ನಿಂತದ್ದು ಅಲ್ಲೇ ಬಂದುಬಿಡುತ್ತದೆ.

ಪ್ಯಾಡು, ಚರ್ಮ

ಮುಟ್ಟಿನ ಪ್ಯಾಡು ರಕ್ತಕ್ಕೆ ಮಾಡಿದ್ದು, ಮೂತ್ರ ಅದರಲ್ಲಿ ಬೇಗ ಇಂಗುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸೋರಿಕೆಗೆಂದೇ ಇರುವ ಪ್ಯಾಡು ಕೇಳಿ. ದಪ್ಪ ಡೈಪರ್ ಪೂರ್ತಿ ಹೋಗುವವರಿಗೆ. ಒದ್ದೆಯಾದ ಕೂಡಲೇ ಬದಲಿಸಿ, ಬರೀ ನೀರಿನಿಂದ ತೊಳೆದು, ಒತ್ತಿ ಒರೆಸಿ, ವ್ಯಾಸಲೀನೋ ಜಿಂಕ್ ಇರುವ ಮುಲಾಮೋ ತೆಳ್ಳಗೆ ಹಚ್ಚಿ. ಆಂಟಿಸೆಪ್ಟಿಕ್ ನೀರು ಹಾಕಿ ತೊಳೆದರೆ ಚರ್ಮ ಇನ್ನೂ ಸುಲಿಯುತ್ತದೆ. ಹಾಸಿಗೆಗೆ ರಬ್ಬರ್ ಶೀಟಿನ ಮೇಲೆ ಒಂದು ಹತ್ತಿ ಬಟ್ಟೆ.

ಮೂರು ತಿಂಗಳಾದ ಮೇಲೆ ಮತ್ತೆ ಮೂರು ದಿನ ಲೆಕ್ಕ ಬರೆದು ಹಳೆಯದರ ಪಕ್ಕ ಇಡಿ. ಸೋರಿಕೆ ಅರ್ಧಕ್ಕಾದರೂ ಇಳಿದಿದ್ದರೆ ಇದ್ದ ದಾರಿಯಲ್ಲೇ ಮುಂದುವರಿಸಿ. ಇಳಿಯದಿದ್ದರೆ ಎರಡೂ ಪುಟ ಹಿಡಿದು ಡಾಕ್ಟರ ಹತ್ತಿರ ಮತ್ತೆ ಹೋಗಿ. ಅತ್ತೆಯ ಎರಡನೇ ಲೆಕ್ಕದಲ್ಲಿ ದಿನಕ್ಕೆ ಎರಡು ಲೋಟ ಕಾಫಿ, ಅಂತರ ಎರಡೂವರೆ ಗಂಟೆ, ಮೂರು ದಿನಕ್ಕೆ ಸೇರಿ ಒಂದೇ ಸೋರಿಕೆ. ಅದರ ಮುಂದೆ ಅವರೇ ಬರೆದಿದ್ದರು: "ಬೀಗದ ಕೀಲಿ ಸಿಗಲಿಲ್ಲ."